ಬಂದವರ ತಂಡ, ನೆಲದ ತಂಡ

2024ರ ಜೂನ್ 6ರಂದು ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ಅಂಗಣದಲ್ಲಿ ಅಮೆರಿಕ ತಂಡ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ಪಾಕಿಸ್ತಾನದ 159 ರನ್‌ಗಳನ್ನು ಬೆನ್ನಟ್ಟಿದ ಅಮೆರಿಕಕ್ಕೆ ಕೊನೆಯ ಎಸೆತದಲ್ಲಿ ಐದು ರನ್ ಬೇಕಿತ್ತು. ಹ್ಯಾರಿಸ್ ರವೂಫ್ ಹಾಕಿದ ಚೆಂಡನ್ನು ನಿತೀಶ್ ಕುಮಾರ್ ಬೌಂಡರಿಗೆ ಅಟ್ಟಿದ್ದರಿಂದ ಪಂದ್ಯ ಟೈ ಆಯಿತು. ಸೂಪರ್ ಓವರ್‌ನಲ್ಲಿ ಮೊಹಮ್ಮದ್ ಆಮಿರ್ ವೈಡ್ ಮೇಲೆ ವೈಡ್ ಹಾಕಿ 18 ರನ್ ಕೊಟ್ಟರು. ಉತ್ತರವಾಗಿ ಸೌರಭ್ ನೇತ್ರವಲ್ಕರ್ ಅವರ ಓವರ್‌ನಲ್ಲಿ ಪಾಕಿಸ್ತಾನಕ್ಕೆ 13ರ ಆಚೆ ಹೋಗಲಾಗಲಿಲ್ಲ. ಅದಕ್ಕೂ ಮೊದಲು, ಪಾಕಿಸ್ತಾನದ ಇನಿಂಗ್ಸ್ ಸರಿದಾರಿಗೆ ಬರುತ್ತಿದ್ದ ಹೊತ್ತಿನಲ್ಲಿ, ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ ಸತತ ಎರಡು ಎಸೆತಗಳಲ್ಲಿ ಶಾದಾಬ್ ಖಾನ್ ಮತ್ತು ಅಜಂ ಖಾನ್ ಅವರನ್ನು ಔಟ್ ಮಾಡಿದ್ದರು. 30 ರನ್‌ಗೆ ಮೂರು ವಿಕೆಟ್ ಪಡೆದ ಕೆಂಜಿಗೆ ಬೆಳೆದದ್ದು ಚಿಕ್ಕಮಗಳೂರಿನಲ್ಲಿ. ನೇತ್ರವಲ್ಕರ್ ಮುಂಬೈಯವರು, ನಾಯಕ ಮೊನಾಂಕ್ ಪಟೇಲ್ ಗುಜರಾತಿನ ಆನಂದ್‌ನವರು. ಗೆಲುವಿನ ಬೆನ್ನಿಗೇ ಒಂದು ಮಾತು ಹರಡಿತು: ಗೆದ್ದದ್ದು ಅಮೆರಿಕ ಅಲ್ಲ, ಭಾರತದ ಬಿ ತಂಡ. ನಮ್ಮಲ್ಲಿ ಹಲವರು ಇದನ್ನು ಹೆಮ್ಮೆಯಿಂದ ಹೇಳಿದರು, ಬೇರೆಯವರು ಕೊಂಕಿನಿಂದ ಹೇಳಿದರು. ಎರಡೂ ಕಡೆಯವರು ಒಂದೇ ನಂಬಿಕೆಯ ಮೇಲೆ ನಿಂತಿದ್ದರು. ರಾಷ್ಟ್ರೀಯ ತಂಡ ಎಂದರೆ ಆ ನೆಲದಲ್ಲಿ ಹುಟ್ಟಿ ಬೆಳೆದವರ ತಂಡ, ಉಳಿದದ್ದೆಲ್ಲ ಕಾಗದದ ಮೇಲಿನ ಪೌರತ್ವ ಎಂಬ ನಂಬಿಕೆ ಅದು.

ಕ್ರಿಕೆಟ್‌ನ ಇತಿಹಾಸ ಈ ನಂಬಿಕೆಯ ಪರವಾಗಿ ಸಾಕ್ಷಿ ನುಡಿಯುವುದಿಲ್ಲ. ಇಂಗ್ಲೆಂಡಿನ ಹೊರಗೆ ಈ ಆಟ ಎಲ್ಲೆಲ್ಲಿ ಬೇರೂರಿತೋ ಅಲ್ಲೆಲ್ಲ ಮೊದಲು ಆಡಿದವರು ಹೊರಗಿನಿಂದ ಬಂದವರೇ. ಅವರ ಮಕ್ಕಳಿಗೆ, ನೆರೆಯವರಿಗೆ, ಆಮೇಲೆ ಊರಿಗೆ ಆಟ ದಾಟಿತೋ ಇಲ್ಲವೋ ಎಂಬುದರ ಮೇಲೆ ಆ ದೇಶದ ಕ್ರಿಕೆಟ್‌ನ ಹಣೆಬರಹ ನಿಂತಿತು. ಅಮೆರಿಕದಲ್ಲಿ ಅದು ಒಮ್ಮೆ ದಾಟಿಯೂ ಇತ್ತು. ದಾಟಿದ ಮೇಲೆ ಸತ್ತಿತು, ಸಾಯಲು ವಲಸಿಗರು ಕಾರಣರಾಗಿರಲಿಲ್ಲ. ಹಾಗಾಗಿ ಇಂದಿನ ಅಮೆರಿಕ ತಂಡವನ್ನು ಆಟಗಾರರ ಹುಟ್ಟೂರು ಹಿಡಿದು ಅಳೆಯುವುದು ತಪ್ಪು ಅಳತೆ. ಆ ಅಳತೆಯನ್ನೇ ಹಿಡಿದು ಹೊರಟರೂ ಲೆಕ್ಕ ಕೈಕೊಡುತ್ತದೆ. ಪಾಕಿಸ್ತಾನದ ಎದುರು ಆಡಿದ ಹನ್ನೊಂದು ಜನರಲ್ಲಿ ನಾಲ್ವರು ಅಮೆರಿಕದಲ್ಲೇ ಹುಟ್ಟಿದವರು: ಫ್ಲಾರಿಡಾದ ಸ್ಟೀವನ್ ಟೇಲರ್, ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಆರನ್ ಜೋನ್ಸ್ ಮತ್ತು ಜಸ್‌ದೀಪ್ ಸಿಂಗ್, ಅಲಬಾಮಾದಲ್ಲಿ ಹುಟ್ಟಿದ ನಮ್ಮ ಕೆಂಜಿಗೆ. ಆದರೆ ಜೋನ್ಸ್ ಬೆಳೆದದ್ದು ಬಾರ್ಬಡೋಸ್‌ನಲ್ಲಿ, ಜಸ್‌ದೀಪ್ ಬಾಲ್ಯ ಪಂಜಾಬಿನಲ್ಲಿ, ಕೆಂಜಿಗೆಯದು ಮಲೆನಾಡಿನಲ್ಲಿ. ಹುಟ್ಟಿದ ನೆಲವನ್ನೇ ಹಿಡಿದರೆ ಕೆಂಜಿಗೆ ಅಪ್ಪಟ ಅಮೆರಿಕನ್, ಅದೇ ಅಳತೆಯಲ್ಲಿ ತಂಡದ ಕಾರ್ಯಕ್ರಮಗಳ ಮೂಲಕವೇ ಬೆಳೆದು ಬಂದ ವಲಸಿಗನೊಬ್ಬ ಹೊರಗಿನವನು. ಬೆಳೆದ ನೆಲವನ್ನು ಹಿಡಿದರೆ ತೀರ್ಪು ತಿರುಗುಮುರುಗಾಗುತ್ತದೆ. ಒಬ್ಬ ಆಟಗಾರನ ಬಗ್ಗೆ ಎರಡು ಉತ್ತರ ಕೊಡುವ ಅಳತೆಯನ್ನು ಇಡೀ ತಂಡಕ್ಕೆ ಹಚ್ಚಿ ಏನನ್ನು ತಿಳಿದಂತಾಯಿತು?

ಟೆಸ್ಟ್ ಕ್ರಿಕೆಟ್‌ನ ಮೊದಲ ಪುಟವನ್ನೇ ನೋಡಬಹುದು. 1877ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಪರ ಮೊದಲ ರನ್, ಮೊದಲ ಶತಕ ಗಳಿಸಿದ ಚಾರ್ಲ್ಸ್ ಬ್ಯಾನರ್‌ಮನ್ ಹುಟ್ಟಿದ್ದು ಇಂಗ್ಲೆಂಡಿನ ವೂಲ್‌ವಿಚ್‌ನಲ್ಲಿ. ತಂಡದ 245 ರನ್‌ಗಳಲ್ಲಿ 165 ಅವರವೇ. ಅದೇ ತಂಡದ ಬಿಲ್ಲಿ ಮಿಡ್‌ವಿಂಟರ್, ಟಾಮ್ ಕೆಂಡಲ್ ಇಂಗ್ಲೆಂಡಿನಲ್ಲಿ, ಟಾಮ್ ಹೋರಾನ್ ಐರ್ಲೆಂಡಿನಲ್ಲಿ ಹುಟ್ಟಿದವರು. ಬ್ರಾನ್ಸ್‌ಬಿ ಕೂಪರ್ ಹುಟ್ಟಿದ್ದು ಭಾರತದಲ್ಲಿ. ಮಿಡ್‌ವಿಂಟರ್ ಮುಂದೆ ಇಂಗ್ಲೆಂಡ್ ಪರವಾಗಿಯೂ ಟೆಸ್ಟ್ ಆಡಿ ಮತ್ತೆ ಆಸ್ಟ್ರೇಲಿಯಾಕ್ಕೆ ಮರಳಿದರು. ಹನ್ನೊಂದರಲ್ಲಿ ಕನಿಷ್ಠ ಐವರು ಹೊರಗೆ ಹುಟ್ಟಿದ ಆ ತಂಡವನ್ನು ಇಂದು ಯಾರೂ ಇಂಗ್ಲೆಂಡಿನ ಬಿ ತಂಡ ಎನ್ನುವುದಿಲ್ಲ, ಆಸ್ಟ್ರೇಲಿಯಾದ ಕ್ರಿಕೆಟ್ ಪರಂಪರೆ ಅಲ್ಲಿಂದಲೇ ಆರಂಭ ಎನ್ನುತ್ತಾರೆ. ಇಂಗ್ಲೆಂಡಿನ ಕಡೆ ತಿರುಗಿದರೆ ರಣಜಿತ್‌ಸಿಂಹಜಿ ಕಾಣುತ್ತಾರೆ. 1896ರಲ್ಲಿ ಲಾರ್ಡ್ಸ್ ಟೆಸ್ಟ್‌ಗೆ ಎಂಸಿಸಿ ಅವರನ್ನು ಆರಿಸಲಿಲ್ಲ. ಆಗ ತಂಡವನ್ನು ಆರಿಸುವ ಹಕ್ಕು ಪಂದ್ಯ ನಡೆಸುವ ಅಂಗಣದವರ ಕೈಯಲ್ಲಿತ್ತು, ಮುಂದಿನ ಟೆಸ್ಟ್‌ಗೆ ಮ್ಯಾಂಚೆಸ್ಟರ್‌ನವರು ಆರಿಸಿದರು, ರಣಜಿ 62 ಮತ್ತು ಔಟಾಗದೆ 154 ಹೊಡೆದರು. ಇಂಥವರನ್ನು ಇಂಗ್ಲೆಂಡ್‌ಗೆ ಆಡಿಸಬಾರದು ಎಂಬ ಪಕ್ಷದ ದೊಡ್ಡ ಹೆಸರು ಲಾರ್ಡ್ ಹ್ಯಾರಿಸ್. ಇಂಗ್ಲೆಂಡಿನ ನಾಯಕರಾಗಿದ್ದ ಆ ಹ್ಯಾರಿಸ್ ಹುಟ್ಟಿದ್ದು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್‌ನಲ್ಲಿ. ಹುಟ್ಟೂರಿನ ವಾದವನ್ನು ಬಳಸುವವರು ಅದನ್ನು ಎಲ್ಲರಿಗೂ ಒಂದೇ ಸಮನಾಗಿ ಬಳಸಿದ್ದು ಬಹಳ ಕಡಿಮೆ.

ಅದು ಹಳೆಯ ಕಾಲ, ಸಾಮ್ರಾಜ್ಯದ ದಿನಗಳು, ಆಗ ಗಡಿಗಳೇ ಸಡಿಲವಾಗಿದ್ದವು ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಟಿ20 ಕಾಲಕ್ಕೇ ಬರೋಣ. ಪುರುಷರ ಐಸಿಸಿ ಟೂರ್ನಿಗಳಲ್ಲಿ ಇಂಗ್ಲೆಂಡ್ ಗೆದ್ದ ಮೊದಲ ಪ್ರಶಸ್ತಿ 2010ರ ಟಿ20 ವಿಶ್ವಕಪ್. ಬ್ರಿಜ್‌ಟೌನ್‌ನ ಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಇಂಗ್ಲೆಂಡ್ ಪರ ಇನಿಂಗ್ಸ್ ಆರಂಭಿಸಿದ ಮೈಕಲ್ ಲಂಬ್ ಮತ್ತು ಕ್ರೇಗ್ ಕೀಸ್ವೆಟರ್ ಇಬ್ಬರೂ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಮೂರನೆಯವರಾಗಿ ಬಂದ ಕೆವಿನ್ ಪೀಟರ್ಸನ್ ಕೂಡ ಅಲ್ಲಿಯವರೇ. ಮಧ್ಯಮ ಕ್ರಮಾಂಕದಲ್ಲಿ ಡಬ್ಲಿನ್‌ನ ಇಯಾನ್ ಮಾರ್ಗನ್. ಫೈನಲ್‌ನ ಪಂದ್ಯಶ್ರೇಷ್ಠ ಕೀಸ್ವೆಟರ್, ಟೂರ್ನಿಯ ಶ್ರೇಷ್ಠ ಆಟಗಾರ ಪೀಟರ್ಸನ್. ಎದುರಾಳಿ ಆಸ್ಟ್ರೇಲಿಯಾದಲ್ಲಿ ಆ ಟೂರ್ನಿಯ ಅತಿ ಹೆಚ್ಚು ವಿಕೆಟ್ ಪಡೆದ ಡರ್ಕ್ ನ್ಯಾನಸ್ ಅದಕ್ಕೆ ಒಂದು ವರ್ಷ ಮುಂಚೆ ನೆದರ್ಲೆಂಡ್ಸ್ ಕ್ಯಾಪ್ ತೊಟ್ಟು, ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ತಂಡದಲ್ಲಿದ್ದರು. ಆಗಲೂ ಗೊಣಗಾಟ ಇತ್ತು ನಿಜ. ಆದರೆ ದಾಖಲೆಯಲ್ಲಿ ಅದು ಇಂಗ್ಲೆಂಡಿನ ವಿಶ್ವಕಪ್ ಎಂದೇ ಉಳಿಯಿತು, ಯಾರೂ ದಕ್ಷಿಣ ಆಫ್ರಿಕಾಕ್ಕೆ ಅದರಲ್ಲಿ ಪಾಲು ಕೇಳಲಿಲ್ಲ. ಹಳೆಯ ದೇಶಗಳು ಹೊರಗಿನವರನ್ನು ಆಡಿಸಿದರೆ ಅದು ಆಯ್ಕೆಯ ಜಾಣ್ಮೆ, ಹೊಸ ದೇಶಗಳು ಆಡಿಸಿದರೆ ನಕಲಿ ತಂಡ ಎಂಬ ಎರಡು ತೂಕದ ಕಲ್ಲುಗಳನ್ನು ನಾವು ಇಟ್ಟುಕೊಂಡಿದ್ದೇವೆ.

ಅಮೆರಿಕವನ್ನು ಹೊಸ ದೇಶ ಎಂದು ಕರೆಯುವುದೂ ಕ್ರಿಕೆಟ್‌ನ ಮಟ್ಟಿಗೆ ಸರಿಯಲ್ಲ. ಎರಡು ದೇಶಗಳ ನಡುವೆ ನಡೆದ ಮೊದಲ ಕ್ರಿಕೆಟ್ ಪಂದ್ಯ ಆಡಿದ್ದು ಅಮೆರಿಕ ಮತ್ತು ಕೆನಡಾ, 1844ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ. ಮೊದಲ ಟೆಸ್ಟ್‌ಗೆ ಆಗಿನ್ನೂ 33 ವರ್ಷ ಬಾಕಿ. ಕೆನಡಾ 82 ಮತ್ತು 63, ಅಮೆರಿಕ 64 ಮತ್ತು 58. ಕೆನಡಾಕ್ಕೆ 23 ರನ್‌ಗಳ ಗೆಲುವು. ಪಂದ್ಯ ನಡೆಸಿದ ಸೇಂಟ್ ಜಾರ್ಜ್ಸ್ ಕ್ಲಬ್ ನ್ಯೂಯಾರ್ಕ್‌ನಲ್ಲಿ ನೆಲೆಸಿದ ಇಂಗ್ಲಿಷರ ಕೂಟ. ಅಂದು ಅಮೆರಿಕ ಎಂಬ ಹೆಸರಿನಲ್ಲಿ ಆಡಿದವರೂ ಬಹುಪಾಲು ಇಂಗ್ಲೆಂಡಿನಿಂದ ಬಂದವರೇ. ಆದ್ದರಿಂದ 2024ರ ಆಕ್ಷೇಪವನ್ನು 1844ರಲ್ಲೂ ಎತ್ತಬಹುದಿತ್ತು. ಆ ಕ್ಲಬ್‌ನ ಕಥೆಯಲ್ಲಿ ಒಂದು ಕುಟುಂಬ ಬರುತ್ತದೆ, ಅದನ್ನು ಇಲ್ಲಿ ಹೇಳಲೇಬೇಕು. ಶೆಫೀಲ್ಡ್‌ನಿಂದ ಬಂದ ಸ್ಯಾಮ್ ರೈಟ್ ಸೇಂಟ್ ಜಾರ್ಜ್ಸ್‌ನ ಸಂಬಳದ ಆಟಗಾರ. ಅವರ ಮಗ ಹ್ಯಾರಿ ಕೂಡ ಕ್ರಿಕೆಟ್ ಕಲಿಸಿಯೇ ಬದುಕಿದವರು, ಸಿನ್ಸಿನಾಟಿಗೆ ಹೋದದ್ದೂ ಅಲ್ಲಿನ ಯೂನಿಯನ್ ಕ್ರಿಕೆಟ್ ಕ್ಲಬ್‌ನ ಕೆಲಸಕ್ಕೆ. ಅದೇ ಹ್ಯಾರಿ ರೈಟ್ 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಂಬ, ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ಮೊದಲ ಬೇಸ್‌ಬಾಲ್ ತಂಡವನ್ನು ಕಟ್ಟಿದರು. ನ್ಯೂಯಾರ್ಕ್‌ನಲ್ಲಿ ಹುಟ್ಟಿದ ತಮ್ಮ ಜಾರ್ಜ್ ರೈಟ್ ಅದರ ದೊಡ್ಡ ತಾರೆ. ವೃತ್ತಿಪರ ಬೇಸ್‌ಬಾಲ್‌ಗೆ ಅಡಿಪಾಯ ಹಾಕಿದ್ದು ಕ್ರಿಕೆಟ್ ವಲಸಿಗನ ಮಕ್ಕಳು. ವಲಸಿಗ ತನ್ನ ಆಟವನ್ನು ನೆಲಕ್ಕೆ ಒಗ್ಗಿಸಲಾರ, ಅವನ ಪ್ರತಿಭೆ ಅವನ ಕೂಟದಲ್ಲೇ ಉಳಿಯುತ್ತದೆ ಎನ್ನುವವರಿಗೆ ಈ ಒಂದು ಮನೆತನ ಸಾಕಾದ ಉತ್ತರ. ಕ್ಲಬ್ ಇಂಗ್ಲಿಷರ ಕೂಟವಾಗಿಯೇ ಉಳಿಯಿತು, ರೈಟ್ ಸಹೋದರರು ತೆರೆದ ಬಾಗಿಲಿದ್ದ ಆಟಕ್ಕೆ ಹೋದರು.

ಫಿಲಡೆಲ್ಫಿಯಾದಲ್ಲಿ ಆದದ್ದು ಬೇರೆ. ಅಲ್ಲಿಯೂ ಆಟ ತಂದವರು ಇಂಗ್ಲೆಂಡಿನಿಂದ ಬಂದ ಬಟ್ಟೆ ಗಿರಣಿಗಳ ಕೆಲಸಗಾರರು ಮತ್ತು ವ್ಯಾಪಾರಿಗಳು. ಆದರೆ ಅಮೆರಿಕದ ಹುಡುಗರು ಅವರಿಂದ ಬೇಗನೆ ಕಲಿತರು. ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಕ್ರಿಕೆಟ್ ನೆಲೆಯಾಯಿತು. 1854ರಲ್ಲಿ ಫಿಲಡೆಲ್ಫಿಯಾ ಕ್ರಿಕೆಟ್ ಕ್ಲಬ್, ಮರುವರ್ಷ ಯಂಗ್ ಅಮೆರಿಕ ಕ್ರಿಕೆಟ್ ಕ್ಲಬ್ ಹುಟ್ಟಿದವು. ಎರಡನೆಯದು ಅಮೆರಿಕದಲ್ಲಿ ಹುಟ್ಟಿದ ಹುಡುಗರಿಗೆಂದೇ ಕಟ್ಟಿದ್ದು. ಒಂದು ತಲೆಮಾರಿನೊಳಗೆ ಆಟ ಕೈದಾಟಿತು. ಅದರ ಫಲವನ್ನು 1893ರಲ್ಲಿ ಆಸ್ಟ್ರೇಲಿಯನ್ನರು ಉಂಡರು: ಇಂಗ್ಲೆಂಡ್ ಪ್ರವಾಸ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಇಳಿದ ಅವರ ವಿರುದ್ಧ ಆತಿಥೇಯರು 525 ರನ್ ಪೇರಿಸಿ, ಇನಿಂಗ್ಸ್ ಮತ್ತು 68 ರನ್‌ಗಳಿಂದ ಗೆದ್ದರು. ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದ ಹತ್ತೊಂಬತ್ತರ ಹುಡುಗ ಬಾರ್ಟ್ ಕಿಂಗ್, ಫಿಲಡೆಲ್ಫಿಯಾದಲ್ಲೇ ಹುಟ್ಟಿದವರು, ಮೊದಲು ಬೇಸ್‌ಬಾಲ್ ಆಡಿದವರು. ಚೆಂಡು ಗಾಳಿಯಲ್ಲಿ ತಡವಾಗಿ ತಿರುಗುವಂತೆ ಎಸೆಯುವ ಕಲೆಗೆ ಅವರ ಬೇಸ್‌ಬಾಲ್ ಕೈಯೇ ಮೂಲ. 1897ರ ಇಂಗ್ಲೆಂಡ್ ಪ್ರವಾಸದಲ್ಲಿ ಹೋವ್‌ನಲ್ಲಿ ಸಸೆಕ್ಸ್ ಎದುರು ಅವರು 13 ರನ್‌ಗೆ ಏಳು ವಿಕೆಟ್ ಕಿತ್ತರು, ಸಸೆಕ್ಸ್ 46ಕ್ಕೆ ಉರುಳಿತು. ಮೊದಲ ಎಸೆತದಲ್ಲೇ ಬೌಲ್ಡ್ ಆದವರಲ್ಲಿ ರಣಜಿತ್‌ಸಿಂಹಜಿಯೂ ಒಬ್ಬರು. ಇಂಗ್ಲೆಂಡ್ ತಂಡದ ಭಾರತೀಯ ಬ್ಯಾಟರ್‌ನ ಗೂಟಗಳನ್ನು ಬೇಸ್‌ಬಾಲ್ ಹಿನ್ನೆಲೆಯ ಅಮೆರಿಕನ್ ಬೌಲರ್ ಉರುಳಿಸಿದ ಆ ಎಸೆತದಲ್ಲಿ ಕ್ರಿಕೆಟ್ ಎಷ್ಟು ದೂರ ನಡೆದು ಬಂದಿತ್ತು ಎಂಬುದು ಕಾಣುತ್ತದೆ. 1908ರ ಪ್ರವಾಸದಲ್ಲಿ ಕಿಂಗ್ 11.01ರ ಸರಾಸರಿಯಲ್ಲಿ 87 ವಿಕೆಟ್ ಪಡೆದು ಇಡೀ ಇಂಗ್ಲಿಷ್ ಋತುವಿನ ಬೌಲಿಂಗ್ ಸರಾಸರಿಯಲ್ಲಿ ಮೊದಲಿಗರಾದರು. ಅದಕ್ಕಿಂತ ಕಡಿಮೆ ಸರಾಸರಿ ಅಲ್ಲಿ ದಾಖಲಾಗಲು 1958 ಬರಬೇಕಾಯಿತು.

ಇಷ್ಟು ಗಟ್ಟಿಯಾಗಿ ಬೇರೂರಿದ್ದ ಆಟ ಏಕೆ ಒಣಗಿತು? ಅಮೆರಿಕನ್ನರಿಗೆ ತಾಳ್ಮೆ ಇಲ್ಲ, ಮೂರು ದಿನದ ಆಟ ಅವರ ಸ್ವಭಾವಕ್ಕೆ ಒಗ್ಗದು ಎಂಬುದು ಸಿದ್ಧ ಉತ್ತರ. ಫಿಲಡೆಲ್ಫಿಯಾದ ಅರ್ಧ ಶತಮಾನವೇ ಅದನ್ನು ಅಲ್ಲಗಳೆಯುತ್ತದೆ, ಅವರು ಮೂರು ದಿನದ ಪಂದ್ಯಗಳನ್ನು ಆಡಿದ್ದಷ್ಟೇ ಅಲ್ಲ, ಗೆದ್ದಿದ್ದಾರೆ. 1861ರಿಂದ 65ರವರೆಗಿನ ಅಂತರ್ಯುದ್ಧ ಒಂದು ಕಾರಣ. ಸಿದ್ಧಪಡಿಸಿದ ಪಿಚ್ ಬೇಡದ ಬೇಸ್‌ಬಾಲ್ ಸೈನಿಕರ ಶಿಬಿರಗಳಲ್ಲಿ ಹರಡಿದಷ್ಟು ಸುಲಭವಾಗಿ, ಕತ್ತರಿಸಿದ ಹುಲ್ಲು ಮತ್ತು ಉರುಳುಗಲ್ಲು ಬೇಕಾದ ಕ್ರಿಕೆಟ್ ಹರಡಲಾರದು. ಫಿಲಡೆಲ್ಫಿಯಾದ ಕ್ಲಬ್‌ಗಳು ಸಿರಿವಂತರ ಕ್ಲಬ್‌ಗಳಾಗಿ, ಹೊರಗಿನವರಿಗೆ ಬಾಗಿಲು ಹಾಕಿಕೊಂಡದ್ದು ಇನ್ನೊಂದು ಕಾರಣ. ಅಲ್ಲಿ ಟೆನಿಸ್ ಮತ್ತು ಗಾಲ್ಫ್ ಕಾಲಿಟ್ಟಾಗ ಅದೇ ಸದಸ್ಯರು ಅದೇ ಹುಲ್ಲಿನ ಮೇಲೆ ಅವನ್ನು ಆಡತೊಡಗಿದರು. ಹುಡುಗರಿಗೆ ಕಲಿಸುವವರೂ ಎದುರಾಡುವವರೂ ಕಡಿಮೆಯಾದರು. ಮೂರನೆಯ ಕಾರಣವನ್ನು ನಾವು ಸಾಕಷ್ಟು ನೆನೆಯುವುದಿಲ್ಲ. 1909ರಲ್ಲಿ, ಕಿಂಗ್ ಇಂಗ್ಲೆಂಡನ್ನು ಬೆರಗುಗೊಳಿಸಿದ ಮರುವರ್ಷವೇ, ಲಾರ್ಡ್ಸ್‌ನಲ್ಲಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಸ್ಥಾಪನೆಯಾಯಿತು. ಸದಸ್ಯರು ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. ಸಾಮ್ರಾಜ್ಯದ ಹೊರಗಿನ ದೇಶಕ್ಕೆ ಅಲ್ಲಿ ಜಾಗವಿರಲಿಲ್ಲ, ಅದು ಎಷ್ಟೇ ಚೆನ್ನಾಗಿ ಆಡಲಿ. ಅಮೆರಿಕಕ್ಕೆ ಸಹಸದಸ್ಯತ್ವ ಸಿಕ್ಕಿದ್ದು 1965ರಲ್ಲಿ. ಟೆಸ್ಟ್ ಆಡುವ ಆಸೆಯೇ ಇಲ್ಲದ ಮೇಲೆ ಫಿಲಡೆಲ್ಫಿಯಾದ ಮುಂದಿನ ಕಿಂಗ್ ಬೇಸ್‌ಬಾಲ್ ಬಿಟ್ಟು ಯಾಕೆ ಬರಬೇಕು? ನೆಲದ ಮಕ್ಕಳೇ ಆಡುತ್ತಿದ್ದ ಅಮೆರಿಕನ್ ಕ್ರಿಕೆಟ್ ಹೀಗೆ ಮುಗಿಯಿತು, ಅದನ್ನು ಮುಗಿಸಿದ್ದು ಮುಚ್ಚಿದ ಕ್ಲಬ್‌ಗಳು ಮತ್ತು ಮುಚ್ಚಿದ ಆಡಳಿತ.

ಆಮೇಲೆ ಆ ದೇಶದಲ್ಲಿ ಆಟದ ಜೀವ ಹಿಡಿದಿಟ್ಟವರು ಯಾರು? 1872ರಿಂದ ನಡೆದುಬಂದಿರುವ ಸ್ಟೇಟನ್ ಐಲೆಂಡ್ ಕ್ಲಬ್‌ನ ಮೈದಾನದಲ್ಲಿ 1932ರಲ್ಲಿ ಬ್ರ್ಯಾಡ್‌ಮನ್ ಆಡಿ ಹೋದರು. ಆ ನಂತರದ ದಶಕಗಳಲ್ಲಿ ನ್ಯೂಯಾರ್ಕ್‌ನ ಸಾರ್ವಜನಿಕ ಉದ್ಯಾನಗಳಲ್ಲಿ ವಾರಾಂತ್ಯಕ್ಕೆ ಬಿಳಿ ಬಟ್ಟೆ ಹಾಕಿ ಇಳಿದವರು ಬಹುಪಾಲು ಜಮೈಕಾ, ಗಯಾನಾ, ಬಾರ್ಬಡೋಸ್‌ಗಳಿಂದ ಬಂದವರು, ಆಮೇಲೆ ಭಾರತ ಉಪಖಂಡದವರು. 2004ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಅಮೆರಿಕ ತನ್ನ ಮೊದಲ ಏಕದಿನ ಪಂದ್ಯಗಳನ್ನು ಆಡಿದಾಗ ಆ ತಂಡ ಅವರಿಂದಲೇ ತುಂಬಿತ್ತು. ವೆಸ್ಟ್ ಇಂಡೀಸ್ ಪರ ಟೆಸ್ಟ್ ಆಡಿದ್ದ ಕ್ಲೇಟನ್ ಲ್ಯಾಂಬರ್ಟ್ ನಲವತ್ತು ದಾಟಿದ ವಯಸ್ಸಿನಲ್ಲಿ ಅದರಲ್ಲಿದ್ದರು. ನ್ಯೂಜಿಲೆಂಡ್ ಎದುರು 210 ರನ್‌ಗಳ ಸೋಲು, ಆಸ್ಟ್ರೇಲಿಯಾ ಎದುರು 65ಕ್ಕೆ ಆಲೌಟ್. ಆ ತಂಡ ದುರ್ಬಲವಾಗಿತ್ತು, ಒಪ್ಪಬೇಕು. ಆದರೆ ಅದು ವಲಸಿಗರ ತಂಡವಾದ್ದರಿಂದ ದುರ್ಬಲವಾಗಿರಲಿಲ್ಲ. ವಾರಕ್ಕೊಮ್ಮೆ ಮ್ಯಾಟಿಂಗ್ ಪಿಚ್ ಮೇಲೆ ಆಡುವವರು, ಉಳಿದ ದಿನ ಬೇರೆ ಕೆಲಸ ಮಾಡುವವರು ಆ ಕಾಲದ ಆಸ್ಟ್ರೇಲಿಯಾದ ಎದುರು ನಿಲ್ಲಬೇಕಿತ್ತು. ಅವರ ಹಿಂದೆ ನಿಲ್ಲಬೇಕಿದ್ದ ಆಡಳಿತ ಮಂಡಳಿ ಒಳಜಗಳಗಳಲ್ಲಿ ಮುಳುಗಿತ್ತು. ಐಸಿಸಿ ಅದನ್ನು 2005, 2007, 2015ರಲ್ಲಿ ಅಮಾನತಿನಲ್ಲಿಟ್ಟು, 2017ರಲ್ಲಿ ಹೊರಹಾಕಿತು. 2019ರ ಜನವರಿಯಲ್ಲಿ ಯುಎಸ್‌ಎ ಕ್ರಿಕೆಟ್ ಎಂಬ ಹೊಸ ಸಂಸ್ಥೆಗೆ ಸಹಸದಸ್ಯತ್ವ ಸಿಕ್ಕಿತು.

ಅದೇ ತಿಂಗಳು, 2019ರ ಜನವರಿ 1ರಿಂದ, ಐಸಿಸಿಯ ಎಲ್ಲ ಸದಸ್ಯ ದೇಶಗಳ ಪುರುಷರ ತಂಡಗಳ ನಡುವಣ ಟಿ20 ಪಂದ್ಯಗಳಿಗೂ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಮಹಿಳೆಯರ ಪಂದ್ಯಗಳಿಗೆ ಅದು 2018ರ ಜುಲೈಯಲ್ಲೇ ಬಂದಿತ್ತು. ಮಾರ್ಚ್‌ನಲ್ಲಿ ದುಬೈಯಲ್ಲಿ ಯುಎಇ ವಿರುದ್ಧ ಅಮೆರಿಕ ತನ್ನ ಮೊದಲ ಟಿ20 ಅಂತರರಾಷ್ಟ್ರೀಯ ಪಂದ್ಯ ಆಡಿತು, ನಾಯಕ ನೇತ್ರವಲ್ಕರ್. ಈ ಮಾನ್ಯತೆಯ ಬಗ್ಗೆ ಗಂಭೀರವಾದ ಆಕ್ಷೇಪವೊಂದಿದೆ: ಎಲ್ಲರಿಗೂ ಕ್ಯಾಪ್ ಕೊಟ್ಟರೆ ಕ್ಯಾಪ್‌ಗೆ ಬೆಲೆ ಏನು, ದಾಖಲೆ ಪುಸ್ತಕದಲ್ಲಿ ಹತ್ತಿಪ್ಪತ್ತು ರನ್‌ಗೆ ಉರುಳುವ ತಂಡಗಳು ತುಂಬಿದರೆ ಅಂಕಿಅಂಶಕ್ಕೆ ಅರ್ಥವೇನು? ಅಂಕಿಅಂಶದ ಮಟ್ಟಿಗೆ ಮಾತು ನಿಜ, ಅವುಗಳನ್ನು ಎದುರಾಳಿ ಯಾರೆಂದು ನೋಡಿಯೇ ಓದಬೇಕು. ಆದರೆ ಬಾಗಿಲು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1909 ಉದಾಹರಣೆ. ಆಗ ಮಾನ್ಯತೆಗೆ ಆಟದ ಮಟ್ಟ ಆಧಾರವಾಗಿರಲಿಲ್ಲ, ರಾಜಕೀಯ ನಂಟು ಆಧಾರವಾಗಿತ್ತು. ಇಂದು ಜರ್ಮನಿಯ ತಂಡದ ಪಟ್ಟಿಯಲ್ಲಿ ಅಫ್ಗಾನಿಸ್ತಾನದ ಹೆಸರುಗಳು ಕಾಣುತ್ತವೆ. ಅಫ್ಗಾನಿಸ್ತಾನದ ಪರ ಆಡಿದ್ದ ಇಜ್ಜತುಲ್ಲಾ ದೌಲತ್‌ಜೈ ಮುಂದೆ ಜರ್ಮನಿಯ ಪರ ಆಡಿದರು, 2015ರ ನಂತರ ಬಂದ ಅಫ್ಗನ್ ನಿರಾಶ್ರಿತರಿಂದ ಅಲ್ಲಿ ಕ್ಲಬ್‌ಗಳು ಹೆಚ್ಚಿದವು. ಊರು ಬಿಟ್ಟು ಬಂದವನಿಗೆ ಹೊಸ ದೇಶದ ಹೆಸರಿನಲ್ಲಿ ಆಡುವ ಹಕ್ಕು ಸಿಕ್ಕಿದ್ದು ಈ ಮಾನ್ಯತೆಯಿಂದ. ನನ್ನ ದೃಷ್ಟಿಯಲ್ಲಿ ಇದು ಕ್ಯಾಪ್‌ನ ಬೆಲೆಯನ್ನು ಇಳಿಸಿಲ್ಲ, ಏರಿಸಿದೆ.

ಇನ್ನೊಂದು ಆಕ್ಷೇಪ ಹಣದ್ದು. ತಮ್ಮ ದೇಶದಲ್ಲಿ ಜಾಗ ಸಿಗದವರು ಅಮೆರಿಕಕ್ಕೆ ಹೋಗಿ, ಮೂರು ವರ್ಷ ವಾಸದ ನಿಯಮ ಪೂರೈಸಿ, ಅಲ್ಲಿನ ಲೀಗ್‌ಗಳ ಸಂಬಳದ ಜೊತೆಗೆ ರಾಷ್ಟ್ರೀಯ ತಂಡದಲ್ಲೂ ಸೇರುತ್ತಾರೆ, ಇದು ಬಾಡಿಗೆ ನಿಷ್ಠೆ ಎಂಬುದು ಅದರ ಸಾರ. ಇದರಲ್ಲಿ ತಿರುಳಿದೆ. ನ್ಯೂಜಿಲೆಂಡ್ ಪರ ವಿಶ್ವಕಪ್ ಫೈನಲ್ ಆಡಿದ್ದ ಕೋರಿ ಆಂಡರ್ಸನ್ ಅಮೆರಿಕ ತಂಡಕ್ಕೆ ಬಂದದ್ದು ಬೆಳೆದು ನಿಂತ ವೃತ್ತಿಪರರಾಗಿ. ಆದರೂ ಪಟ್ಟಿಯನ್ನು ನಿಧಾನವಾಗಿ ನೋಡಿದರೆ ದೊಡ್ಡ ಹೆಸರೊಂದೇ ಅಲ್ಲಿ ಸಾಲದು ಎಂದು ತಿಳಿಯುತ್ತದೆ. 2012ರಲ್ಲಿ ಭಾರತಕ್ಕೆ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಉನ್ಮುಕ್ತ್ ಚಂದ್ 2021ರಲ್ಲಿ ಅಮೆರಿಕಕ್ಕೆ ಹೋದರು, 2024ರ ವಿಶ್ವಕಪ್‌ನ ಹದಿನೈದರಲ್ಲಿ ಅವರಿಗೆ ಜಾಗ ಸಿಗಲಿಲ್ಲ. ನೇತ್ರವಲ್ಕರ್ ಕಥೆ ಇನ್ನೂ ಹೇಳುವಂಥದ್ದು. 2010ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅವರು ಭಾರತದ ಪರ, ನಮ್ಮ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರವಾಲ್ ಜೊತೆ ಆಡಿದವರು. ಮುಂಬೈ ರಣಜಿ ತಂಡದಲ್ಲಿ ನೆಲೆ ಸಿಗದೆ, ಕಂಪ್ಯೂಟರ್ ಸೈನ್ಸ್ ಓದಲು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು, ಆರಕಲ್ ಕಂಪನಿಯಲ್ಲಿ ಎಂಜಿನಿಯರ್ ಆದರು. ಕ್ರಿಕೆಟ್ ಅವರನ್ನು ಅಮೆರಿಕಕ್ಕೆ ಕರೆಸಿರಲಿಲ್ಲ, ಓದು ಕರೆಸಿತ್ತು. ವಿಶ್ವಕಪ್‌ನಲ್ಲಿ ಭಾರತದ ವಿರುದ್ಧ ವಿರಾಟ್ ಕೊಹ್ಲಿಯನ್ನು ಮೊದಲ ಎಸೆತದಲ್ಲಿ, ಆಮೇಲೆ ರೋಹಿತ್ ಶರ್ಮಾ ಅವರನ್ನು ಔಟ್ ಮಾಡಿದಾಗಲೂ ಅವರಿಗೆ ಆ ನೌಕರಿ ಇತ್ತು. ಇದನ್ನು ಬಾಡಿಗೆ ಎನ್ನುವುದಾದರೆ ಹಳೆಯ ಫಿಲಡೆಲ್ಫಿಯಾದ ಗಿರಣಿ ಕೆಲಸಗಾರರನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಅವರೂ ದುಡಿಯಲು ಬಂದವರು, ಬಿಡುವಿನಲ್ಲಿ ಆಡಿದವರು.

ಹಾಗಿದ್ದರೂ ಮುಖ್ಯ ಆಕ್ಷೇಪ ಉಳಿಯುತ್ತದೆ: ಬಂದವರು ಜಾಗ ತುಂಬಿದರೆ ಅಲ್ಲಿ ಹುಟ್ಟಿದ ಮಕ್ಕಳಿಗೆ ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ, ಅಮೆರಿಕನ್ ಕ್ರಿಕೆಟ್‌ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಇದೇ. ಉತ್ತರ ಪುರುಷರ ತಂಡಕ್ಕಿಂತ ಮಹಿಳೆಯರ ತಂಡದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. 2023ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ 19 ವರ್ಷದೊಳಗಿನ ಮಹಿಳೆಯರ ಮೊದಲ ವಿಶ್ವಕಪ್‌ಗೆ ಗೀತಿಕಾ ಕೊಡಾಲಿ ನಾಯಕತ್ವದಲ್ಲಿ ಅಮೆರಿಕ ಕಳಿಸಿದ ತಂಡದ ಬಹುತೇಕ ಹುಡುಗಿಯರು ಭಾರತೀಯ ಮೂಲದವರು, ಆದರೆ ಅಲ್ಲಿಯ ಶಾಲೆಗಳಲ್ಲಿ ಓದಿ ಅಲ್ಲಿಯ ಅಕಾಡೆಮಿಗಳಲ್ಲೇ ಆಟ ಕಲಿತವರು. ಅದೇ ವರ್ಷ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಇತಿಹಾಸದ ಮೊದಲ ಐದು ವಿಕೆಟ್ ಗೊಂಚಲನ್ನು ಅಮೆರಿಕ ತಂಡದ ಟಾರಾ ನಾರಿಸ್ ಪಡೆದರು, 29 ರನ್ ಕೊಟ್ಟು, ಅದೂ ನಮ್ಮ ರಾಯಲ್ ಚಾಲೆಂಜರ್ಸ್ ವಿರುದ್ಧ. ನಾರಿಸ್ ಹುಟ್ಟಿದ್ದು ಬಾರ್ಟ್ ಕಿಂಗ್‌ರ ಫಿಲಡೆಲ್ಫಿಯಾದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಂದರೆ ವಲಸೆ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಕರ್ನಾಟಕದ ಕೊಡುಗೆಯೂ ಆಟಗಾರರನ್ನು ಕಳಿಸುವುದಕ್ಕೆ ಸೀಮಿತವಾಗಲಿಲ್ಲ. ರಾಜ್ಯದ ಆರಂಭಿಕ ಬ್ಯಾಟರ್ ಆಗಿದ್ದು, ತರಬೇತುದಾರರಾಗಿ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಗೆದ್ದುಕೊಟ್ಟ ಜೆ. ಅರುಣ್ ಕುಮಾರ್ 2020ರಲ್ಲಿ ಅಮೆರಿಕದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. ಮರುವರ್ಷ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಲಾಡರ್‌ಹಿಲ್‌ನಲ್ಲಿ ಅಮೆರಿಕ ಟಿ20ಯಲ್ಲಿ ಐರ್ಲೆಂಡನ್ನು 26 ರನ್‌ಗಳಿಂದ ಸೋಲಿಸಿತು. ಬೆಂಗಳೂರಿನ ಲೀಗ್ ಕ್ರಿಕೆಟ್ ಆಡಿ ಹೋದ ಕೆಂಜಿಗೆ, ರಣಜಿಯ ಶಿಸ್ತು ಹೊತ್ತು ಹೋದ ಅರುಣ್ ಕುಮಾರ್, ಇಂಥವರು ಅಲ್ಲಿನ ಹುಡುಗರಿಗೆ ಎದುರಾಳಿಯಾಗಿಯೋ ಗುರುವಾಗಿಯೋ ಸಿಗದೆ ಹೋದರೆ ಆಟ ಕಲಿಯುವುದು ಯಾರಿಂದ? ಫಿಲಡೆಲ್ಫಿಯಾದ ಹುಡುಗರು ಇಂಗ್ಲಿಷರ ಜೊತೆ ಆಡಿಯೇ ಇಂಗ್ಲಿಷರನ್ನು ಸೋಲಿಸಲು ಕಲಿತರು.

ಆದ್ದರಿಂದ ನನ್ನ ಆತಂಕ ಇರುವುದು ಆಟಗಾರರ ಪಟ್ಟಿಯ ಬಗ್ಗೆ ಅಲ್ಲ, ಅವರ ಕಾಲ ಕೆಳಗಿನ ನೆಲ ಮತ್ತು ತಲೆಯ ಮೇಲಿನ ಆಡಳಿತದ ಬಗ್ಗೆ. ಗ್ರ್ಯಾಂಡ್ ಪ್ರೇರಿಯಲ್ಲಿ ಹಳೆಯ ಬೇಸ್‌ಬಾಲ್ ಅಂಗಣವನ್ನು ಕ್ರಿಕೆಟ್‌ಗೆ ಬದಲಿಸಿದ್ದು ಒಳ್ಳೆಯ ಕೆಲಸ, ಅದು ಉಳಿಯುವ ಅಂಗಣ. ನ್ಯೂಯಾರ್ಕ್ ಹೊರವಲಯದ ನಸಾವ್ ಕೌಂಟಿಯಲ್ಲಿ ಆದದ್ದು ಬೇರೆ. 34,000 ಜನ ಕೂರುವ ಅಂಗಣವನ್ನು ವಿಶ್ವಕಪ್‌ಗಾಗಿ ಕೆಲವೇ ತಿಂಗಳಲ್ಲಿ ಎಬ್ಬಿಸಿದರು, ಪಿಚ್‌ಗಳನ್ನು ಫ್ಲಾರಿಡಾದಲ್ಲಿ ಬೆಳೆಸಿ ಲಾರಿಗಳಲ್ಲಿ ತಂದು ಕೂರಿಸಿದರು. ಭಾರತ 119ಕ್ಕೆ ಆಲೌಟಾಗಿಯೂ ಪಾಕಿಸ್ತಾನವನ್ನು ಆರು ರನ್‌ಗಳಿಂದ ಸೋಲಿಸಿದ್ದು ಅದೇ ಪಿಚ್ ಮೇಲೆ. ಟೂರ್ನಿಯ ತನ್ನ ಪಾಲಿನ ಪಂದ್ಯಗಳು ಮುಗಿಯುತ್ತಿದ್ದಂತೆ ಅಲ್ಲಿನ ಕುರ್ಚಿಗಳನ್ನು ಬಿಚ್ಚಿ ಒಯ್ದರು. ಯುಎಸ್‌ಎ ಕ್ರಿಕೆಟ್ ಸಂಸ್ಥೆಯನ್ನು ಐಸಿಸಿ 2025ರ ಸೆಪ್ಟೆಂಬರ್‌ನಲ್ಲಿ ಅಮಾನತು ಮಾಡಿತು, ಹಿಂದಿನ ಸಂಸ್ಥೆ ಹೊರಬಿದ್ದು ಒಂಬತ್ತು ವರ್ಷ ಆಗುವ ಮುನ್ನವೇ. ಆಟಗಾರರಿಗೆ ತೊಂದರೆಯಾಗದಂತೆ ತಂಡ ಆಡುವುದನ್ನು ಮುಂದುವರಿಸಲು ಬಿಟ್ಟರು ಎಂಬುದೊಂದೇ ಸಮಾಧಾನ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಟಿ20 ಕ್ರಿಕೆಟ್ ಇದೆ, ಪುರುಷರಿಗೂ ಮಹಿಳೆಯರಿಗೂ ತಲಾ ಆರು ತಂಡಗಳು. ಕ್ರಿಕೆಟ್ ಹಿಂದೊಮ್ಮೆ, 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಇಂಗ್ಲೆಂಡಿನವರ ಎದುರು ಫ್ರಾನ್ಸ್ ಹೆಸರಿನಲ್ಲಿ ಇಳಿದವರು ಬಹುಪಾಲು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರಿಟಿಷರು. ಆ ತಂಡದ ಹಿಂದೆ ಶಾಲೆ, ಕ್ಲಬ್, ಮೈದಾನಗಳ ಸಾಲು ಬೆಳೆಯಲಿಲ್ಲ, ಫ್ರಾನ್ಸ್‌ನಲ್ಲಿ ಆಟ ಅಲ್ಲಿಗೇ ನಿಂತಿತು. ಪೊಮೋನಾದ ಜಾತ್ರೆ ಮೈದಾನದಲ್ಲಿ ಈ ಒಲಿಂಪಿಕ್ಸ್‌ಗಾಗಿ ಕಟ್ಟಲು ಹೊರಟಿರುವ ಕ್ರಿಕೆಟ್ ಅಂಗಣವೂ ತಾತ್ಕಾಲಿಕದ್ದೇ.